ಮೂಲೆಯಲ್ಲಿ ಇಡದ ಚುಕ್ಕಿ

ಜುಲೈ 9
ಹಾಸ್ಟೆಲ್, ರೂಮ್ 14

ಲೇ ಪೆನ್ಸಿಲ್,

ಕಂಗ್ರಾಜುಲೇಶನ್ಸ್. ಈ ಪದವನ್ನು ಮೂರು ಹಾಳೆಯಲ್ಲಿ ಬರೆದು ಮೂರನ್ನೂ ಹರಿದೆ. ಮೊದಲನೆಯದರಲ್ಲಿ ಅಕ್ಷರ ಕೆಟ್ಟಿತ್ತು, ಎರಡನೆಯದರ ಮೇಲೆ ಚಹಾ ಚೆಲ್ಲಿತು, ಮೂರನೆಯದು ಓದಿದರೆ ಸುಳ್ಳಿನ ಹಾಗಿತ್ತು. ಇದು ನಾಲ್ಕನೆಯದು. ಇದನ್ನೇ ಇಟ್ಟುಕೋ.

ಸುದ್ದಿ ನಿನ್ನಿಂದ ಗೊತ್ತಾಗಲಿಲ್ಲ, ಅಮ್ಮನಿಂದ ಗೊತ್ತಾಯಿತು. ಭಾನುವಾರ ವಾರ್ಡನ್ ಆಫೀಸಿನ ಫೋನಿಗೆ ಮಾಡಿದ್ದಳು. "ನಿನ್ನ ಮಾವ ತನ್ನ ಲ್ಯಾಬಿಗೆ ಈ ವರ್ಷದ ಸ್ಟೂಡೆಂಟ್‌ನ ಆರಿಸ್ಕೊಂಡನಂತೆ ಕಣೇ. ಯಾರು ಹೇಳು ನೋಡೋಣ?" ನಾನೇ ಅಂದುಕೊಂಡೆ. ಅವಳ ದನಿಯೂ ಹಾಗೇ ಇತ್ತಲ್ಲ, ಗಿಫ್ಟ್ ಬೆನ್ನ ಹಿಂದೆ ಇಟ್ಟುಕೊಂಡವರ ದನಿ. "ನಿನ್ನ ಸ್ಕೂಲಿನ ರೂಮ್‌ಮೇಟ್! ಆ ಕಡ್ಡಿ ಥರ ಇದ್ದಾಳಲ್ಲ, ಅವಳು!" ನಾನು "ಓ" ಅಂದೆ. ಎದುರಿಗೆ ವಾರ್ಡನ್ ಸ್ವೆಟರ್ ಹೆಣೆಯುತ್ತ ಕೂತಿದ್ದರು, ಅದಕ್ಕೆ "ಓ, ನೈಸ್" ಅಂತಲೂ ಸೇರಿಸಿದೆ.

ಕೋಪ ಇಲ್ಲ. ನಿಜವಾಗಿ. ಬರೀ ಲೆಕ್ಕ ಹಾಕುತ್ತಿದ್ದೇನೆ. ಅವನು ನನ್ನ ಸೋದರಮಾವ. ನನಗೆ ಎಂಟು ವರ್ಷವಾದಾಗ ಗೊಂಬೆ ಬೇಕು ಅಂದರೆ ಪಟ್ಟಕ ತಂದುಕೊಟ್ಟವನು, ಗೋಡೆಯ ಮೇಲೆ ಏಳು ಬಣ್ಣ ಬೀಳಿಸಿ "ಇದೇ ಗೊಂಬೆ" ಅಂದವನು. ಶಾಲೆಯ ಕೊನೆಯ ವಿಸಿಟರ್ಸ್ ಡೇಗೆ ಅವನು ಬಂದದ್ದು ನನ್ನನ್ನು ನೋಡಲು. ನೀನು ಬಂದದ್ದು ಅವನಿಗೆ ಕುರ್ಚಿ ಕೊಡಲು. ಅವನು ತನ್ನ ಹೊಸ ಥಿಯರಿ ಹೇಳಿದಾಗ ನಾನು "ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಕೆಳಗೆ ಇನ್ನೊಂದು ಮೆಟ್ಟಿಲು ಹೇಗಿರುತ್ತೆ ಮಾವ?" ಅಂದೆ. ನೀನು "ಸರ್, ಅಲ್ಲಿಗೆ ಇಳಿದರೆ ಯಾವ ಬಣ್ಣ ಬರುತ್ತೆ?" ಅಂದೆ. ಅಷ್ಟೇ ವ್ಯತ್ಯಾಸ. ಅವನು ಅಮ್ಮನಿಗೆ ಹೇಳಿದನಂತೆ: "ನಿನ್ನ ಮಗಳದ್ದು ತಪ್ಪು ಹುಡುಕೋ ಕಣ್ಣು ಕಣಕ್ಕಾ. ನಂಗೆ ಹೊಸದು ಕಾಣೋ ಕಣ್ಣು ಬೇಕು." ಅಮ್ಮ ಇದನ್ನು ಹೊಗಳಿಕೆ ಅಂತ ತಿಳಿದು ನನಗೆ ದಾಟಿಸಿದಳು.

ಏಳು ವರ್ಷ ನಿನ್ನ ಲೆಕ್ಕದ ನೋಟ್‌ಬುಕ್ಕಿನ ಮೂಲೆಯಲ್ಲಿ ಚುಕ್ಕಿ ಇಟ್ಟವಳು ನಾನು. ಪುಟದಲ್ಲಿ ತಪ್ಪಿದ್ದರೆ ಚುಕ್ಕಿ, ಇಲ್ಲದಿದ್ದರೆ ಖಾಲಿ. ಎಲ್ಲಿ ತಪ್ಪು ಅಂತ ನಾನು ಹೇಳುವಂತಿಲ್ಲ, ನೀನು ಕೇಳುವಂತಿಲ್ಲ. ಆ ಕಣ್ಣು ನಿನಗೆ ಬೇಕಾಗಿತ್ತು, ಮಾವನಿಗೆ ಬೇಡವಾಯಿತು. ಫೈನ್.

ಅಲ್ಲಿನ ಲ್ಯಾಬ್ ಹೇಗಿದೆ ಬರೆ. ಎಲ್ಲ ಬರೆ.

ಗೂಬೆ


ಜುಲೈ 25

ಗೂಬೆ,

ಮೊದಲೇ ಹೇಳಬೇಕಿತ್ತು, ಸಾರಿ. ಹೇಳಲು ಧೈರ್ಯ ಬರಲಿಲ್ಲ. ನಿನ್ನ ಮುಖ ಕಣ್ಣ ಮುಂದೆ ಬರುತ್ತಿತ್ತು, ಆ ದುಂಡು ಕನ್ನಡಕದ ಸಮೇತ.

ಎಲ್ಲ ಬರೆ ಅಂದೆಯಲ್ಲ, ಬರೆಯುತ್ತೇನೆ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಲ್ಯಾಬ್. ಲ್ಯಾಬ್ ಇರುವುದು ಸೈಕಲ್ ಸ್ಟ್ಯಾಂಡಿನ ಹಿಂದಿನ ಕಟ್ಟಡದ ಎರಡನೇ ಮಹಡಿಯಲ್ಲಿ. ಕಿಟಕಿಗಳಿಗೆ ಕಪ್ಪು ಬಣ್ಣ ಬಳಿದಿದ್ದಾರೆ, ಒಂದರಲ್ಲಿ ಮಾತ್ರ ಯಾರೋ ಉಗುರಿನಿಂದ ಕೆರೆದು ಕಿಂಡಿ ಮಾಡಿದ್ದಾರೆ. ಒಳಗೆ ಒಂದು ಕ್ವಾರ್ಟ್ಸ್ ಕೊಳವೆ, ನೋಡಲು ಗಾಜಿನ ಹಾಗೇ, ಅದರಲ್ಲಿ ಹೈಡ್ರೋಜನ್, ಕರೆಂಟ್ ಕೊಟ್ಟರೆ ಗುಲಾಬಿಯಾಗಿ ಉರಿಯುತ್ತದೆ. ಆ ಬೆಳಕು ಕೂದಲಿಗಿಂತ ಸಣ್ಣ ಸೀಳಿನಿಂದ ಮಂಚದಷ್ಟು ಉದ್ದದ ಪೆಟ್ಟಿಗೆಗೆ ಹೋಗುತ್ತದೆ. ಪೆಟ್ಟಿಗೆಯಲ್ಲಿ ಸಾವಿರಾರು ಗೀರು ಹಾಕಿದ ಕನ್ನಡಿ. ಅದು ಬೆಳಕನ್ನು ಬಿಡಿಸುತ್ತದೆ. ಹೊರಗೆ ಒಂದು ಕೆಂಪು ಪೆನ್ನು ಚಾರ್ಟ್ ಪೇಪರಿನ ಮೇಲೆ ಗೆರೆ ಎಳೆಯುತ್ತ ಹೋಗುತ್ತದೆ, ಬಣ್ಣ ಸಿಕ್ಕ ಕಡೆ ಎಗರುತ್ತದೆ. ಆ ಪೆನ್ನಿಗೆ ಇಂಕು ತುಂಬುವುದು ನನ್ನ ಕೆಲಸ. ನನ್ನ ಬೆರಳು ಸದಾ ಕೆಂಪು.

ಥಿಯರಿ ನಿನಗೆ ಗೊತ್ತೇ ಇದೆ, ಆದರೂ ಸರ್ ನನಗೆ ಹೇಳಿದ ಹಾಗೆ ಹೇಳುತ್ತೇನೆ. ಹೈಡ್ರೋಜನ್ ಒಂದು ಮನೆ. ಎಲೆಕ್ಟ್ರಾನ್ ಮೆಟ್ಟಿಲು ಇಳಿಯುವಾಗ ಒಂದೊಂದು ಬಣ್ಣ ಬಿಡುತ್ತದೆ. ನೆಲಕ್ಕೆ ಬಂದ ಮೇಲೆ ಮುಗಿಯಿತು ಅಂತ ಎಲ್ಲರೂ ಅನ್ನುತ್ತಾರೆ. ಸರ್ ನೆಲದ ಕೆಳಗೂ ಒಂದು ಮನೆ ಇದೆ, ಅಲ್ಲಿಗೆ ಇಳಿದರೆ ಬೆಂಕಿಯಿಲ್ಲದೆ ಬಿಸಿ ಬರುತ್ತದೆ ಅನ್ನುತ್ತಾರೆ. ಬಕೆಟ್ ನೀರಿನ ಹೈಡ್ರೋಜನ್‌ನಿಂದ ಒಂದು ಬೀದಿಗೆ ದೀಪ! ಪೇಪರಿನವರು ಇದಕ್ಕೆ "ನೆಲಮಾಳಿಗೆ ಸಿದ್ಧಾಂತ" ಅಂತ ಹೆಸರಿಟ್ಟು ನಗುತ್ತಾರೆ.

ಆದರೆ ಗೆರೆ ಇದೆ, ಗೂಬೆ! 507.3 ನ್ಯಾನೊಮೀಟರ್‌ನಲ್ಲಿ, ಹಸಿರು ಜಾಗದಲ್ಲಿ, ಕಡ್ಡಿಯ ಹಾಗೆ ನೆಟ್ಟಗೆ. ಹೈಡ್ರೋಜನ್‌ಗೆ ಅಲ್ಲಿ ಯಾವ ಗೆರೆಯೂ ಇಲ್ಲ. ಪುಸ್ತಕಗಳನ್ನೆಲ್ಲ ಜಾಲಾಡಿದೆ. ಸರ್ ಲೆಕ್ಕದಲ್ಲಿ ಮೊದಲು 512 ಬಂದಿತ್ತು, ಒಂದು ತಿದ್ದುಪಡಿ ಹಾಕಿದ ಮೇಲೆ ಸರಿಯಾಗಿ 507 ಬಂತು. ಸೆಕೆ ಜಾಸ್ತಿ ಇದ್ದ ದಿನ ಗೆರೆ ಇನ್ನೂ ಎತ್ತರ. "ನೋಡಮ್ಮಾ, ಬಿಸಿಗೂ ಇದಕ್ಕೂ ನಂಟಿದೆ" ಅಂತಾರೆ ಸರ್.

ನನಗೆ ಸ್ವಂತ ಮೇಜಿದೆ. ಕೊಳವೆಯ ಒತ್ತಡ ಅಳೆಯುವ ಪಾದರಸದ ಗೇಜಿನ ಪಕ್ಕದಲ್ಲೇ. ಮೊದಲು ಸೀಳಿನ ಮುಂದೆ ಒಂದು ತೆಳು ಹಳದಿ ಗಾಜು ಇತ್ತಂತೆ, ಬೆಳಕು ತಿನ್ನುತ್ತದೆ ಅಂತ ಸರ್ ತೆಗೆಸಿಬಿಟ್ಟರು. ಈಗ ಅದು ನನ್ನ ಪೇಪರ್‌ವೇಟ್. ಸರ್ ನನ್ನನ್ನು "ನನ್ನ ಕಣ್ಣು" ಅಂತ ಕರೆಯುತ್ತಾರೆ. ಇದನ್ನು ಬರೆಯಬಾರದಿತ್ತೇನೋ.

ಪೆನ್ಸಿಲ್


ಆಗಸ್ಟ್ 11

ಪೆನ್ಸಿಲ್,

ಬರೆಯಬಾರದಿತ್ತು. ಆದರೆ ಬರೆದೆಯಲ್ಲ, ಪರವಾಗಿಲ್ಲ.

ನನ್ನ ಲ್ಯಾಬ್ ಬಗ್ಗೆ ನೀನು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಅರವತ್ತು ಜನಕ್ಕೆ ಆರು ಉಪಕರಣ. ನಮ್ಮ ಬ್ಯಾಚಿಗೆ ಕೊಟ್ಟದ್ದು ಸೋಡಿಯಂ ದೀಪದ ಹಳದಿ ಗೆರೆ. ನೂರು ವರ್ಷದಿಂದ ಪ್ರಪಂಚದ ಎಲ್ಲ ಫಸ್ಟ್ ಇಯರಿನವರೂ ನೋಡಿದ ಗೆರೆ. ನಾನು ನೋಡಿದೆ, ಅಲ್ಲೇ ಇತ್ತು, ರೆಕಾರ್ಡ್ ಬುಕ್ಕಿನಲ್ಲಿ ಬರೆದೆ. ನನ್ನನ್ನು ಯಾರೂ ಯಾವ ಅಂಗದ ಹೆಸರಿನಿಂದಲೂ ಕರೆಯಲಿಲ್ಲ. ರೋಲ್ ನಂಬರ್ 41 ಅಂತ ಕರೆದರು.

ಇಲ್ಲಿ ನನಗೆ ಇರುವ ಒಬ್ಬನೇ ಫ್ರೆಂಡ್ ಲ್ಯಾಬಣ್ಣ. ಅಟೆಂಡರ್. ಮೂವತ್ತು ವರ್ಷದಿಂದ ಇದೇ ಲ್ಯಾಬಿನ ಕನ್ನಡಿಗಳ ಧೂಳು ಊದಿ ತೆಗೆಯುತ್ತಿದ್ದಾರೆ, ಯಾರಾದರೂ ಬಟ್ಟೆಯಿಂದ ಒರೆಸಲು ಹೋದರೆ "ನಿಮ್ ಕಣ್ಣಿಗೆ ಮರಳು ಕಾಗದ ಉಜ್ಜಲಾ?" ಅಂತ ಗದರುತ್ತಾರೆ. ಅವರಿಗೆ ನೆಲಮಾಳಿಗೆ ಸಿದ್ಧಾಂತದ ಬಗ್ಗೆ ಹೇಳಿದೆ. ಒಂದು ನಿಮಿಷ ಯೋಚಿಸಿ, "ನಾನು ಇದುವರೆಗೆ ಇಳಿದ ನೆಲಮಾಳಿಗೆಗಳಲ್ಲಿ ಸಿಕ್ಕಿದ್ದು ಬರೀ ಜೇಡ" ಅಂದರು. ನಕ್ಕೆ. ತುಂಬ ದಿನದ ಮೇಲೆ ನಕ್ಕದ್ದು ಅದೇ, ಮತ್ತು ಅದು ನಿಮ್ಮ ಮೇಲಿನ ಜೋಕಿಗೆ. ಇದನ್ನೂ ಬರೆಯಬಾರದಿತ್ತೇನೋ.

ಕೆಲವು ಪ್ರಶ್ನೆ. 507ರ ಆಚೀಚೆ ಮಾತ್ರ ಚಾರ್ಟ್ ಎಳೆದಿದ್ದೀರಾ, ಪೂರ್ತಿ ರೋಹಿತ ಎಳೆದಿದ್ದೀರಾ? ಹೈಡ್ರೋಜನ್ ಇಲ್ಲದೆ ಕೊಳವೆ ಉರಿಸಿ ನೋಡಿದ್ದೀರಾ? 512 ಅನ್ನು 507 ಮಾಡಿದ ತಿದ್ದುಪಡಿ ಗೆರೆ ಸಿಗುವ ಮೊದಲು ಹುಟ್ಟಿತೋ ಸಿಕ್ಕ ಮೇಲೋ? ಒಂದು ತುಂಡು ಚಾರ್ಟ್ ಕಳಿಸು, ನೋಡುತ್ತೇನೆ. ಇಲ್ಲ ಅಂದರೂ ಬೇಜಾರಿಲ್ಲ.

ಅಮ್ಮ ನಿನ್ನನ್ನು ಕೇಳಿದಳು. ಈಚೆಗೆ ನನಗಿಂತ ಮೊದಲು ನಿನ್ನನ್ನು ಕೇಳುತ್ತಾಳೆ.

ಗೂಬೆ


ಸೆಪ್ಟೆಂಬರ್ 28

ಗೂಬೆ,

ನಿನ್ನ ಪತ್ರ ಪತ್ರದ ಹಾಗಿರಲಿಲ್ಲ, ಕ್ವೆಶ್ಚನ್ ಪೇಪರ್ ಇದ್ದ ಹಾಗಿತ್ತು. ಒಂದೂವರೆ ತಿಂಗಳು ಡ್ರಾಯರಿನಲ್ಲಿಟ್ಟೆ. ಜೇಡ ಅಂತ ನಕ್ಕೆಯಲ್ಲ, ಆ ಜೇಡಗಳಲ್ಲಿ ನಾನೂ ಒಬ್ಬಳು ಕಣೇ.

ಆದರೆ ಪ್ರಶ್ನೆಗಳು ಡ್ರಾಯರಿನಲ್ಲಿ ಸುಮ್ಮನೆ ಕೂರಲಿಲ್ಲ. ಮೊನ್ನೆ ಧೈರ್ಯ ಮಾಡಿ ಎರಡನೆಯದನ್ನು, ಹೈಡ್ರೋಜನ್ ಇಲ್ಲದೆ ಉರಿಸಿ ನೋಡೋಣವಾ ಅಂತ, ಸರ್ ಹತ್ತಿರ ಕೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸುತ್ತ, "ಹೋದ ವರ್ಷದ ಹುಡುಗನೂ ಹೀಗೇ ಶುರು ಮಾಡಿದ" ಅಂದರು. ಅಷ್ಟೇ. ಹೋದ ವರ್ಷದ ಹುಡುಗನ ಹೆಸರಿನ ಚೀಟಿ ಇನ್ನೂ ನನ್ನ ಡ್ರಾಯರಿನ ಒಳಗೆ ಅಂಟಿದೆ. ಅವನು ಎಲ್ಲಿ ಅಂತ ಯಾರೂ ಹೇಳುವುದಿಲ್ಲ.

ನವೆಂಬರ್ 18ಕ್ಕೆ ಪರಿಶೀಲನಾ ಸಮಿತಿ ಬರುತ್ತಿದೆ. ಮೂವರು ದೊಡ್ಡವರು. ಅವರು ಹೌದು ಅಂದರೆ ಲ್ಯಾಬ್ ಉಳಿಯುತ್ತದೆ, ಇಲ್ಲ ಅಂದರೆ ಬಾಗಿಲು ಬಂದ್. ಗೆರೆಯ ಭಾಗವನ್ನು ಅವರ ಮುಂದೆ ನಾನೇ ಹೇಳಬೇಕಂತೆ. ಸರ್ ಹಾಗೆ ಅಂದಾಗ ಖುಷಿಯಾಯಿತು, ಆಮೇಲೆ ನಿನ್ನ ಪತ್ರವನ್ನು ಮತ್ತೆ ತೆಗೆದು ಓದಿದೆ.

ಇದರ ಜೊತೆ ಒಂದು ತುಂಡು ಚಾರ್ಟ್ ಇದೆ. 480ರಿಂದ 520ರವರೆಗೆ. ಹೊರಗೆ ಕಳಿಸುವಂತಿಲ್ಲ, ಕದ್ದು ಕಳಿಸುತ್ತಿದ್ದೇನೆ. ಮುಂದಿನ ತಿಂಗಳ ಕೊನೆಗೆ ಸುರುಳಿಗಳನ್ನು ಜೋಡಿಸಿ ನೋಡುತ್ತಾರೆ, ಅದಕ್ಕೆ ಅಕ್ಟೋಬರ್ 20ರೊಳಗೆ ವಾಪಸ್ ಬೇಕು. ಉದ್ದುದ್ದ ಬರೆಯಬೇಡ, ಇಲ್ಲಿ ಕವರುಗಳು ಮೊದಲು ಸರ್ ಮೇಜಿಗೆ ಹೋಗುತ್ತವೆ, ಕೆಲವೊಮ್ಮೆ ಒಡೆದೇ ಇರುತ್ತವೆ. ಚಾರ್ಟನ್ನು ಹಳೇ ನೋಟ್ಸಿನ ಹಾಳೆಗಳ ಮಧ್ಯೆ ಸೇರಿಸಿ ಕಳಿಸು, ನೋಟ್ಸನ್ನು ಯಾರೂ ಬಿಡಿಸಿ ನೋಡುವುದಿಲ್ಲ. ಹಳೇ ನಿಯಮವೇ. ತಪ್ಪಿದ್ದರೆ ಮೂಲೆಯಲ್ಲಿ ಚುಕ್ಕಿ. ಇಲ್ಲದಿದ್ದರೆ ಖಾಲಿ. ಚುಕ್ಕಿ ಕಂಡರೆ ನಾನು ಆ ದಿನ ಜ್ವರ ಅಂತ ಮಲಗಿಬಿಡುತ್ತೇನೆ, ಸರ್‌ಗೂ ಹೇಗಾದರೂ ಹೇಳುತ್ತೇನೆ. ಪ್ರಾಮಿಸ್.

ನೀನು ನೋಡಿದೆ ಅಂದರೆ ನಾನು ನಿದ್ದೆ ಮಾಡಬಹುದು.

ಪೆನ್ಸಿಲ್


ಅಕ್ಟೋಬರ್ 12
(ಫಿಸಿಕ್ಸ್ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ. ಕವರಿಗೆ ಹಾಕಿಲ್ಲ.)

ಪೆನ್ಸಿಲ್,

ಸಿಕ್ಕಿತು.

ನಿನ್ನ ಚಾರ್ಟನ್ನು ಲ್ಯಾಬಣ್ಣನ ಮುಂದೆ ಹಾಸಿದೆ. ಅವರು ಗೆರೆಯನ್ನು ನೋಡಲೇ ಇಲ್ಲ. "ಆ ಪೆಟ್ಟಿಗೆ ಇರೋ ರೂಮಲ್ಲಿ ಬೇರೆ ಏನೇನಿದೆ?" ಅಂತ ಕೇಳಿದರು. ನಿನ್ನ ಜುಲೈ ಪತ್ರ ತಂದು ಓದಿದೆ. ನನ್ನ ಕಣ್ಣು, ಸ್ವಂತ ಮೇಜು, ಆ ಸಾಲುಗಳನ್ನು ಬಿಟ್ಟು. ಪಾದರಸದ ಗೇಜು ಅನ್ನುತ್ತಲೇ ಅವರು ಕೈ ಎತ್ತಿದರು. "ಸೆಕೆ ದಿನ ಗೆರೆ ಎತ್ತರ ಅಂತಲೂ ಬರೆದಿದಾಳಾ?" ಅಂದರು. ಹೌದು ಅಂದೆ. "ಗಾಜು ತೆಗೆದುಬಿಟ್ಟಿದಾರಾ?" ಹೌದು ಅಂದೆ. ಅವರು ಕುರ್ಚಿ ಎಳೆದುಕೊಂಡು ಕೂತರು.

ಅವರು ಹೇಳಿದ್ದು ಹೀಗೆ. ಆ ಗೀರಿನ ಕನ್ನಡಿಗೆ ಒಂದು ಕೆಟ್ಟ ಚಾಳಿ ಇದೆ. "ಉದ್ದ ಕಾಲಿನವನು ಒಂದು ಹೆಜ್ಜೆ ಹಾಕಿ ನಿಂತ ಜಾಗಕ್ಕೇ, ಗಿಡ್ಡ ಕಾಲಿನವನು ಎರಡು ಹೆಜ್ಜೆ ಹಾಕಿ ಬಂದು ನಿಲ್ತಾನೆ. ಕನ್ನಡಿಗೆ ಇಬ್ರೂ ಒಂದೇ." ಪಾದರಸದ ಆವಿಯ ಅತಿ ಜೋರಿನ ಬೆಳಕು 253.65ರಲ್ಲಿದೆ, ಕಣ್ಣಿಗೆ ಕಾಣದ ಅತಿನೇರಳೆ. ಅದನ್ನು ಎರಡರಿಂದ ಗುಣಿಸು. ನೀನೇ ಗುಣಿಸು.

ಗೇಜಿನಿಂದ ಪಾದರಸ ಚೂರು ಚೂರೇ ಆವಿಯಾಗಿ ಕೊಳವೆಗೆ ಹೋಗುತ್ತಿದೆ. ಸೆಕೆ ಇದ್ದರೆ ಜಾಸ್ತಿ ಹೋಗುತ್ತದೆ. ಕ್ವಾರ್ಟ್ಸ್ ಅತಿನೇರಳೆಯನ್ನು ಹೊರಗೆ ಬಿಡುತ್ತದೆ, ಗಾಜು ಬಿಡುವುದಿಲ್ಲ. ಅದನ್ನು ತಡೆಯಲು ಇದ್ದದ್ದೇ ಆ ಹಳದಿ ಗಾಜು, ನಿನ್ನ ಪೇಪರ್‌ವೇಟ್.

ನಂಬಲಿಲ್ಲ ನಾನು. ಲ್ಯಾಬಣ್ಣ ಬೀರುವಿನಿಂದ ಕ್ವಾರ್ಟ್ಸಿನ ಪಾದರಸದ ದೀಪ ತೆಗೆದರು. ಹಚ್ಚಿ, ನಮ್ಮ ಪೆಟ್ಟಿಗೆಯನ್ನು 507.3ಕ್ಕೆ ತಿರುಗಿಸಿದರೆ ಮೀಟರಿನ ಮುಳ್ಳು ಎದ್ದಿತು, ಗೆರೆ! ಥೇಟ್ ನಿನ್ನದೇ. ನೆಲಮಾಳಿಗೆ ಇಲ್ಲದೆ, ಹೈಡ್ರೋಜನ್ ಇಲ್ಲದೆ. "ಈಗ ಇದನ್ನ ಹಿಡಿ" ಅಂತ ಕಿಟಕಿಯ ಒಡೆದ ಗಾಜಿನ ಚೂರು ಕೊಟ್ಟರು. ಸೀಳಿನ ಮುಂದೆ ಹಿಡಿದೆ. ನಿಜವಾದ ಹಸಿರು ಆಗಿದ್ದರೆ ಗಾಜಿನ ಮೂಲಕ ಬರಬೇಕು ತಾನೆ? ಮುಳ್ಳು ಬಿದ್ದುಹೋಯಿತು. ತೆಗೆದೆ, ಎದ್ದಿತು. ಹಿಡಿದೆ, ಬಿತ್ತು. ಹತ್ತು ಸಲ ಮಾಡಿದೆ. ಲ್ಯಾಬಣ್ಣ "ಸಾಕಮ್ಮ, ಅದಕ್ಕೂ ತಲೆ ಸುತ್ತುತ್ತೆ" ಅಂದರು.

ಹತ್ತು ಸಲ ಯಾಕೆ ಮಾಡಿದೆ ಗೊತ್ತಾ? ಚೆನ್ನಾಗಿತ್ತು. ಪ್ರತಿ ಸಲ ಬೀಳುವಾಗ ನೀನು ಆ ಮೇಜಿನಿಂದ ಎದ್ದ ಹಾಗೆ ಅನಿಸುತ್ತಿತ್ತು.

ನಾಳೆ ಚುಕ್ಕಿ ಇಟ್ಟು ಕಳಿಸುತ್ತೇನೆ.


ಅಕ್ಟೋಬರ್ 15

ಪೆನ್ಸಿಲ್,

ನೀನು ಕೇಳಿದ ನೋಟ್ಸ್ ಇದರೊಳಗಿದೆ. ಇಂಟರ್ನಲ್ಸ್ ನಡೆಯುತ್ತಿದೆ, ಜಾಸ್ತಿ ಬರೆಯಲು ಆಗುತ್ತಿಲ್ಲ. ಇಲ್ಲಿ ಚಳಿ ಶುರುವಾಗಿದೆ. ಮಾವನಿಗೆ ನಮಸ್ಕಾರ ಹೇಳು.

ಗೂಬೆ


ಅಕ್ಟೋಬರ್ 30

ಗೂಬೆ! ಗೂಬೆ! ಗೂಬೆ!

ನಾಲ್ಕು ಮೂಲೆ ನೋಡಿದೆ. ಹಿಂದೆ ತಿರುಗಿಸಿ ನೋಡಿದೆ. ಕಿಟಕಿಯ ಕಿಂಡಿಗೆ ಹಿಡಿದು, ಇಟ್ಟು ಅಳಿಸಿದ ಗುರುತಾದರೂ ಇದೆಯಾ ಅಂತ ನೋಡಿದೆ. ಖಾಲಿ!

ನನಗೆ ಎಷ್ಟು ಹಗುರ ಆಯಿತು ಅಂದರೆ ಮೆಟ್ಟಿಲು ಎರಡೆರಡಾಗಿ ಇಳಿದೆ. ಇಷ್ಟು ದಿನ ನಿನ್ನ ಬಗ್ಗೆ ಕೆಟ್ಟದಾಗಿ ಯೋಚಿಸಿದ್ದೆ, ಕ್ಷಮಿಸು. ಹೊಟ್ಟೆಕಿಚ್ಚಿಗೆ ಹೇಗಾದರೂ ಮಾಡಿ ಚುಕ್ಕಿ ಇಡುತ್ತಾಳೆ, ಇಲ್ಲದ ತಪ್ಪನ್ನೂ ಹುಡುಕುತ್ತಾಳೆ ಅಂದುಕೊಂಡಿದ್ದೆ. ನಾನು ಎಂಥ ಸಣ್ಣ ಬುದ್ಧಿಯವಳು ನೋಡು. ನೀನು ಚಾರ್ಟನ್ನು ಚಾರ್ಟಿನ ಹಾಗೇ ನೋಡಿದೆ.

ಸರ್‌ಗೆ ಹೇಳಿದೆ: "ಸರ್, ಬೇರೆ ಕಡೆಯೂ ಚೆಕ್ ಮಾಡಿಸಿದೀನಿ, ಸರಿಯಿದೆ." ಬೈಯುತ್ತಾರೆ ಅಂದುಕೊಂಡರೆ ಬೆನ್ನು ತಟ್ಟಿದರು. ಅದನ್ನೂ ಭಾಷಣದಲ್ಲಿ ಸೇರಿಸು ಅಂದರು. "ಸ್ವತಂತ್ರವಾಗಿ ಪರಿಶೀಲಿಸಲಾಗಿದೆ." ಆ ವಾಕ್ಯ ನನ್ನದು. ಅಂದರೆ ನಿನ್ನದು.

ಹದಿನೆಂಟು, ಹನ್ನೊಂದು ಗಂಟೆ. ಆ ಹೊತ್ತಿಗೆ ನನ್ನ ನೆನೆಸಿಕೋ.

ಪೆನ್ಸಿಲ್


ನವೆಂಬರ್ 9

ಪೆನ್ಸಿಲ್,

ಆಲ್ ದಿ ಬೆಸ್ಟ್.

ಗೂಬೆ


ನವೆಂಬರ್ 22

ಗೂಬೆ,

ಮುಗಿಯಿತು. ಹೇಗೆ ಅಂತ ಹೇಳುತ್ತೇನೆ, ಯಾರಿಗಾದರೂ ಹೇಳಲೇಬೇಕು.

ಮೂವರಲ್ಲಿ ಇಬ್ಬರು ಸುಮ್ಮನೆ ತಲೆಯಾಡಿಸುತ್ತಿದ್ದರು. ಮೂರನೆಯವರು ಒಬ್ಬ ವಯಸ್ಸಾದ ಮೇಡಂ. ಓದುವ ಕನ್ನಡಕ ದಾರದಲ್ಲಿ ಕುತ್ತಿಗೆಗೆ ಜೋತುಬಿದ್ದಿತ್ತು. ನಾನು ಒಂದೂ ತಪ್ಪಿಲ್ಲದೆ ಹೇಳಿದೆ. 507.3 ಅಂದೆ. ಸ್ವತಂತ್ರವಾಗಿ ಪರಿಶೀಲಿಸಲಾಗಿದೆ ಅಂದೆ. ಮೇಡಂ "ಯಾರಿಂದಮ್ಮ?" ಅಂದರು. ನಾನು "ನಾನು ತುಂಬಾ ನಂಬೋರಿಂದ" ಅಂದೆ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ.

ಪೆನ್ನು ಆಗ ಗೆರೆಯ ನೆತ್ತಿಯ ಮೇಲೆ ನಿಂತಿತ್ತು. ಮೇಡಂ ಎದ್ದು ಬಂದು ಒಂದು ಸುತ್ತು ಹಾಕಿದರು. ಗೇಜನ್ನು ನೋಡಿದರು. ನನ್ನ ಮೇಜನ್ನು ನೋಡಿದರು. ಆಮೇಲೆ ಕುತ್ತಿಗೆಯಲ್ಲಿದ್ದ ಕನ್ನಡಕ ತೆಗೆದು, ಅದರ ಒಂದು ಕಣ್ಣನ್ನು ಸೀಳಿನ ಮುಂದೆ ಹಿಡಿದರು, ಅಷ್ಟೇ. ಪೆನ್ನು ಕೆಳಗೆ ಬಿತ್ತು. ಸದ್ದೂ ಆಗಲಿಲ್ಲ. ಪೇಪರಿನ ಮೇಲೆ ನೆಟ್ಟಗೆ ಒಂದು ಕೆಂಪು ಗೆರೆ ಹರಿಯುತ್ತ ಹೋಯಿತು.

"ಹಸಿರು ಬೆಳಕಿಗೆ ನನ್ನ ಕನ್ನಡಕ ಕಂಡರೆ ಯಾಕಪ್ಪ ಭಯ?" ಅಂದರು ಮೇಡಂ. ಸರ್‌ಗೆ.

ಪಾದರಸ, ಗೂಬೆ. ಎರಡು ಹೆಜ್ಜೆಯ ಪಾದರಸ. ಪೂರ್ತಿ ವಿವರಿಸಿದರು, ನನಗೆ ಅರ್ಥವಾಗಲಿ ಅಂತ ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ. ಇದೆಲ್ಲ ಆಗುವಾಗ ಆ ಹಳದಿ ಗಾಜು ನನ್ನ ಭಾಷಣದ ಹಾಳೆಗಳ ಮೇಲೇ ಕೂತಿತ್ತು.

ಸರ್ ನನ್ನನ್ನು ನೋಡಿ, "ಚೆಕ್ ಮಾಡಿಸಿದೀನಿ ಅಂದ್ಯಲ್ಲ?" ಅಂದರು. ಮೂರು ಸಲ ಕೇಳಿದರು, ಯಾರು ಯಾರು ಅಂತ. ನಾನು ಹೇಳಲಿಲ್ಲ. ನೀನು ಅವರ ಅಕ್ಕನ ಮಗಳು. ನಿನ್ನ ಹೆಸರು ಬಂದರೆ ನಿಮ್ಮ ಮನೆಯಲ್ಲಿ ಏನಾಗುತ್ತದೋ. ಸುಳ್ಳು ಹೇಳಿದೆ ಅಂದೆ, ಯಾರೂ ನೋಡಿಲ್ಲ, ನಾನೇ ಹುಟ್ಟಿಸಿದ್ದು ಅಂದೆ. ಅದನ್ನು ಸಮಿತಿಯವರು ಬರೆದುಕೊಂಡರು. ಕಾಲೇಜಿಗೂ ತಿಳಿಸುತ್ತಾರಂತೆ. ಮುಂದಿನ ವರ್ಷ ಯಾವ ಲ್ಯಾಬೂ ನನ್ನನ್ನು ತೆಗೆದುಕೊಳ್ಳುವುದಿಲ್ಲ ಅಂತ ಕಾಣುತ್ತದೆ.

ಲ್ಯಾಬಿಗೆ ಬೀಗ ಬಿದ್ದಿದೆ. ಸರ್ ಮನೆಯಿಂದ ಹೊರಗೆ ಬರುತ್ತಿಲ್ಲ.

ನೀನು ಬೇಜಾರು ಮಾಡಿಕೊಳ್ಳಬೇಡ. ಅಂಥಾ ಸರ್‌ಗೇ ಗೊತ್ತಾಗಲಿಲ್ಲ, ಫಸ್ಟ್ ಇಯರಿನ ನಿನಗೆ ಹೇಗೆ ಗೊತ್ತಾಗಬೇಕು? ಇಬ್ಬರೂ ಮಿಸ್ ಮಾಡಿದೆವು, ಅಷ್ಟೇ. ಏಳು ವರ್ಷದಲ್ಲಿ ನಿನ್ನ ಮೊದಲನೇ ತಪ್ಪು. ಯೋಚಿಸಿದರೆ ಒಂಥರಾ ಸಮಾಧಾನ ಆಗುತ್ತದೆ, ಗೂಬೆಯೂ ತಪ್ಪು ಮಾಡುತ್ತಾಳೆ ಅಂತ.

ಪೆನ್ಸಿಲ್


ಡಿಸೆಂಬರ್ 2

ಪೆನ್ಸಿಲ್,

ನಾನು ಮಿಸ್ ಮಾಡಲಿಲ್ಲ.

ನೋಟ್‌ಬುಕ್ಕಿನ ಕೊನೆಯ ಹಾಳೆಗಳನ್ನು ಕಿತ್ತು ಇದರ ಜೊತೆ ಇಟ್ಟಿದ್ದೇನೆ. ಮೇಲಿರುವ ತಾರೀಕು ನೋಡು. ಅಕ್ಟೋಬರ್ 12. ನಿನ್ನ ಮೇಡಂಗಿಂತ ಐದು ವಾರ ಮೊದಲು ಒಂದು ಕಿಟಕಿ ಗಾಜಿನ ಚೂರಿನಲ್ಲಿ ನಾನು ಅದನ್ನು ಹತ್ತು ಸಲ ಬೀಳಿಸಿದ್ದೆ.

ಮಾರನೇ ದಿನ ಚುಕ್ಕಿ ಇಡಲು ಕೂತೆ. ಪೆನ್ಸಿಲ್ ಚೂಪು ಮಾಡಿದೆ. ಮೂಲೆಯ ಹತ್ತಿರ ತಂದೆ. ಆಗ ಮಾವನ ಮಾತು ನೆನಪಾಯಿತು, ತಪ್ಪು ಹುಡುಕುವ ಕಣ್ಣು. ಆ ಕಣ್ಣು ಬೇಡ ಅಂದವರಿಗೆ ಅದರ ಚುಕ್ಕಿ ಯಾಕೆ ಅನಿಸಿತು. ಎರಡು ದಿನ ಚಾರ್ಟ್ ಮೇಜಿನ ಮೇಲಿತ್ತು. ಮೂರನೇ ದಿನ ಕವರಿಗೆ ಹಾಕಿದೆ. ಏನೂ ಮಾಡಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಏನನ್ನೂ ಮಾಡದೆ ಇರುವುದು ಎಷ್ಟು ಸುಲಭ ಗೊತ್ತಾ, ಒಂದು ಸ್ಟ್ಯಾಂಪ್ ಹಚ್ಚಿದರೆ ಆಯಿತು.

ಇನ್ನೊಂದಿದೆ. ನವೆಂಬರ್ ಹದಿನಾಲ್ಕಕ್ಕೆ ಫೋನ್ ಮಾಡಿದ್ದೆ, ಮಾವನ ಆಫೀಸಿಗೆ. ಹೇಳಬೇಕು ಅಂತಲೇ ಮಾಡಿದ್ದೆ, ಇದನ್ನಾದರೂ ನಂಬು. ಅವನೇ ಎತ್ತಿದ. "ಯಾರು, ಪುಟ್ಟೀನಾ? ನಿನ್ನ ಫ್ರೆಂಡ್ ಇಲ್ಲೇ ಇದಾಳೆ ನೋಡು, ಭಾಷಣ ಬಾಯಿಪಾಠ ಮಾಡ್ತಾ ಓಡಾಡ್ತಿದಾಳೆ. ಕೊಡ್ಲಾ?" ಹಿಂದೆ ನಿನ್ನ ದನಿ ಕೇಳಿಸಿತು. ಅವನ ದನಿಯಲ್ಲಿ ಎಷ್ಟು ಪ್ರೀತಿ ಇತ್ತು ಅಂದರೆ, ನನಗೆ ಎಂಟು ವರ್ಷವಾದಾಗ ಗೋಡೆಯ ಮೇಲೆ ಬಣ್ಣ ತೋರಿಸಿದ ದನಿ ಅದು. "ಬೇಡ ಮಾವ, ಸುಮ್ನೆ ಮಾಡ್ದೆ" ಅಂದು ಇಟ್ಟುಬಿಟ್ಟೆ.

ಸಮಿತಿಗೆ ಪತ್ರ ಬರೆದಿದ್ದೇನೆ. ನೀನು ಸುಳ್ಳು ಹುಟ್ಟಿಸಲಿಲ್ಲ, ಚಾರ್ಟ್ ನನ್ನ ಹತ್ತಿರ ಬಂದಿತ್ತು, ತಪ್ಪು ಗೊತ್ತಿದ್ದೂ ಮುಚ್ಚಿಟ್ಟವಳು ನಾನು ಅಂತ. ಲ್ಯಾಬಣ್ಣ ಸಾಕ್ಷಿ ಹಾಕಿದರು. ಹಾಕುವಾಗ ನನ್ನ ಮುಖ ನೋಡಲಿಲ್ಲ. "ಗಾಜು ಕೊಟ್ಟೋನು ನಾನು, ಅಂಚೆಗೆ ಹಾಕಿದೀಯಾ ಅಂತ ಕೇಳ್ಬೇಕಿತ್ತು" ಅಂದರು. ಮಾವನಿಗೂ ಬರೆದೆ. ಅಮ್ಮನಿಗೂ ಹೇಳಿದೆ.

ನಿನ್ನ ಪತ್ರ ಓದಿದಾಗಿನಿಂದ ಅಳುತ್ತಲೇ ಇದ್ದೇನೆ. ಹೀಗಾಗಲಿ ಅಂತ ನಾನು ಬಯಸಿರಲಿಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದು ಕ್ಷಣವೂ ನನಗೆ ಖುಷಿಯಾಗಲಿಲ್ಲ.

ಗೂಬೆ


ಡಿಸೆಂಬರ್ 17

ಪೆನ್ಸಿಲ್,

ನಿನ್ನ ಕವರ್ ಬಂತು. ಒಡೆದರೆ ನನ್ನದೇ ಪತ್ರ, ಡಿಸೆಂಬರ್ 2ರದ್ದು. ನಿನ್ನದೊಂದು ಅಕ್ಷರ ಇಲ್ಲ. ಕೊನೆಯ ಪುಟದ ಕೆಳಗಿನ ಮೂಲೆಯಲ್ಲಿ ಒಂದು ಚುಕ್ಕಿ, ಕೆಂಪು ಇಂಕಿನಲ್ಲಿ.

ಏಳು ವರ್ಷ ನಾನು ನಿನಗೆ ಮಾಡಿದ್ದು ಏನು ಅಂತ ಈಗ ಗೊತ್ತಾಯಿತು. ಎಲ್ಲಿ ಅಂತ ಹೇಳದೆ, ಎಲ್ಲೋ ಇದೆ ಅಂತ ಮಾತ್ರ ಹೇಳುವುದು.

ನಾಲ್ಕು ದಿನ ಹುಡುಕಿದೆ. ತಾರೀಕು ಸರಿ. ಗುಣಾಕಾರ ಸರಿ. ಫೋನಿನ ಮಾತು ಅಕ್ಷರ ಅಕ್ಷರ ಸರಿ. ಸಮಿತಿಗೆ ಬರೆದದ್ದು ನಿಜ, ರಸೀದಿ ಇದೆ. ಪುಟದಲ್ಲಿ ತಪ್ಪೇ ಇಲ್ಲ, ಬರೀ ಸಿಟ್ಟಿಗೆ ಇಟ್ಟಿದ್ದಾಳೆ ಅಂತ ನಿನ್ನನ್ನೇ ಬೈದೆ. ನೀನೂ ಹೀಗೇ ಬೈಯುತ್ತಿದ್ದೆಯಲ್ಲ, ಆಮೇಲೆ ನಾಲಿಗೆ ಕಚ್ಚಿಕೊಂಡು ಬರುತ್ತಿದ್ದೆ.

ಕೊನೆಯ ಸಾಲು.

ನಿನ್ನ ನವೆಂಬರ್ ಪತ್ರ ಬಂದದ್ದು ತಿಂಡಿಯ ಹೊತ್ತಿಗೆ. ಮೆಸ್‌ನಲ್ಲೇ ಒಡೆದೆ. ಮೊದಲ ಪುಟದಲ್ಲಿ ಪೆನ್ನು ಕೆಳಗೆ ಬಿತ್ತು ಅಂತ ಇತ್ತು. ನನಗೆ ಖುಷಿಯಾಯಿತು. ಸಣ್ಣಗೆ ಅಲ್ಲ, ಮೈಯೆಲ್ಲ ಬೆಚ್ಚಗಾಗುವ ಹಾಗೆ. ಎದುರಿಗಿದ್ದ ಹುಡುಗಿ "ಏನೇ, ಲವ್ ಲೆಟರಾ?" ಅಂತ ಕೇಳಿದಳು, ನನ್ನ ಮುಖ ಹಾಗಿತ್ತು. ಇನ್ನೊಂದು ಬ್ರೆಡ್ ಹಾಕಿಸಿಕೊಂಡು ಬಂದೆ, ಜ್ಯಾಮ್ ಸವರಿದೆ, ಪೂರ್ತಿ ತಿಂದೆ. ಆಮೇಲೆ ಎರಡನೇ ಪುಟ ತಿರುಗಿಸಿದೆ. ತಿರುಗಿಸಿದ್ದು ಆ ಖುಷಿ ಇನ್ನೂ ಜಾಸ್ತಿಯಾಗಲಿ ಅಂತ.

ಅಲ್ಲಿ ನೀನು ನನ್ನ ಹೆಸರು ಹೇಳದೆ ನಿಂತಿದ್ದೆ.

ಈ ಪುಟದ ಮೂಲೆ ಖಾಲಿ ಬಿಟ್ಟಿದ್ದೇನೆ. ನೋಡಿ ವಾಪಸ್ ಕಳಿಸು.

ಗೂಬೆ